ಮನೆ ಯಂತ್ರಗಳ ವೈರು ಯಾಕೆ ಇಷ್ಟು ಗಿಡ್ಡ? ಸಾಕೆಟ್ ತನಕ ಮುಟ್ಟುವುದೇ ಇಲ್ಲ

ಕಟ್ಟೆ_ಮೂಲೆ
ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಎಲೆಕ್ಟ್ರಿಕ್ ಕೆಟಲ್ ತಗೊಂಡರೆ ವೈರು ಒಂದೂವರೆ ಮೊಳ. ಮಿಕ್ಸಿಯದ್ದು ಅದಕ್ಕಿಂತ ನಾಲ್ಕು ಬೆರಳು ಜಾಸ್ತಿ ಅಷ್ಟೇ. ಮೇಜಿನ ಫ್ಯಾನಂತೂ ಗೋಡೆ ಬಿಟ್ಟು ಈಚೆ ಬರುವುದಿಲ್ಲ, ಗೋಡೆಗೆ ಗಾಳಿ ಬೇಕಾ? ಇಷ್ಟೆಲ್ಲ ದುಡ್ಡು ಕೊಟ್ಟು ತಂದ ಯಂತ್ರವನ್ನು ನನಗೆ ಬೇಕಾದ ಜಾಗದಲ್ಲಿ ಇಡುವ ಹಾಗಿಲ್ಲ, ಸಾಕೆಟ್ ಹೇಳಿದ ಜಾಗದಲ್ಲೇ ಇಡಬೇಕು. ಇನ್ನೊಂದು ಮೀಟರ್ ವೈರು ಕೊಟ್ಟರೆ ಇವರ ಗಂಟೇನು ಹೋಗುತ್ತದೆ? ಇದನ್ನು ಯಾರು, ಯಾವ ಲೆಕ್ಕದಲ್ಲಿ ತೀರ್ಮಾನ ಮಾಡುತ್ತಾರೆ? ಮತ್ತೆ, ವೈರನ್ನು ನಾವೇ ಉದ್ದ ಮಾಡಿಸಿಕೊಳ್ಳಬಹುದಾ? ಗೊತ್ತಿದ್ದವರು ಹೇಳಿ.

ಬೆನ್ನುನೋವು
ನೂರಕ್ಕೆ ನೂರು ಸರಿ. ನಾನು ಇದೇ ಪ್ರಶ್ನೆ ಕೇಳಬೇಕು ಅಂತ ಇದ್ದೆ.

ಮೂರು_ಪಿನ್ನು
ಕೆಟಲ್ ವಿಷಯದಲ್ಲಿ ಅದು ಬೇಕಂತಲೇ ಮಾಡಿದ್ದು. ಜೊತೆಗೆ ಬರುವ ಪುಸ್ತಕ ಯಾರೂ ಓದುವುದಿಲ್ಲ ಅಲ್ವಾ, ಅಮೆರಿಕದಲ್ಲಿ ಮಾರುವ ಅಡುಗೆಮನೆ ಯಂತ್ರಗಳ ಪುಸ್ತಕದಲ್ಲಿ ಇದನ್ನು ಬಾಯಿಬಿಟ್ಟು ಹೇಳಿರುತ್ತಾರೆ: ಉದ್ದ ವೈರು ಕಾಲಿಗೆ ಸಿಕ್ಕಿ ಎಡವುವ, ಸುತ್ತಿಕೊಳ್ಳುವ ಅಪಾಯ ಇರುವುದರಿಂದ ಗಿಡ್ಡ ವೈರು ಕೊಟ್ಟಿದ್ದೇವೆ ಅಂತ. ಅಂಬೆಗಾಲಿಡುವ ಮಗುವಿಗೆ ಕಟ್ಟೆಯ ಅಂಚಿನಿಂದ ಜೋತಾಡುವ ವೈರು ಕಂಡರೆ ಎಳೆಯದೆ ಬಿಡುತ್ತದಾ? ಒಂದೂವರೆ ಲೀಟರ್ ಕುದಿಯುವ ನೀರು ತಲೆ ಮೇಲೆ ಬೀಳುತ್ತದೆ. ವೈರು ಅಂಚಿನ ತನಕ ಬರಲೇಬಾರದು ಅನ್ನುವುದೇ ಅಲ್ಲಿನ ಲೆಕ್ಕ. ಹಾಗಾಗಿ ಕೆಟಲ್, ಎಲೆಕ್ಟ್ರಿಕ್ ಕುಕ್ಕರ್, ಎಣ್ಣೆಯಲ್ಲಿ ಕರಿಯುವ ಯಂತ್ರ, ಇವುಗಳ ವೈರು ಗಿಡ್ಡ ಇದೆ ಅಂತ ನಾನು ಯಾವತ್ತೂ ಗೊಣಗುವುದಿಲ್ಲ.

ಬೆನ್ನುನೋವು
ಸರಿ ಸರ್, ಕೆಟಲ್ ಬಿಟ್ಟುಬಿಡೋಣ. ಫ್ಯಾನಿನಲ್ಲಿ ಏನು ಕುದಿಯುತ್ತದೆ? ಓದುವ ದೀಪದಲ್ಲಿ? ಫ್ರಿಜ್‌ನಲ್ಲಿ? ಮಗು ಫ್ರಿಜ್ ಎಳೆದು ಮೈಮೇಲೆ ಬೀಳಿಸಿಕೊಳ್ಳುತ್ತದಾ? ಒಂದು ಯಂತ್ರಕ್ಕೆ ಒಪ್ಪುವ ಕಾರಣ ತೋರಿಸಿ ಹತ್ತು ಯಂತ್ರದಲ್ಲಿ ವೈರು ಉಳಿಸುತ್ತಾರೆ, ಅಷ್ಟೇ ವಿಷಯ.

ಹಳೇ_ರಿಪೇರಿ
ಬಹಳ ವರ್ಷ ಇದೇ ಕೆಲಸ ಮಾಡಿದವನು, ನನ್ನದೂ ನಾಲ್ಕು ಮಾತು ಇರಲಿ. ಇಬ್ಬರೂ ಸರಿ.

ಮೊದಲು ದುಡ್ಡಿನ ಲೆಕ್ಕ. ಮೂರೆಳೆ ವೈರು, ಪ್ರತಿ ಎಳೆ 0.75 ಚದರ ಮಿ.ಮೀ. ದಪ್ಪ ಅಂದುಕೊಳ್ಳಿ. ಒಂದು ಮೀಟರಿಗೆ ಸುಮಾರು 20 ಗ್ರಾಂ ತಾಮ್ರ. ನಿಮಗೆ, ನನಗೆ ಅದು ಏನೂ ಅಲ್ಲ. ಆದರೆ 10 ಲಕ್ಷ ಯಂತ್ರ ಮಾಡುವವನಿಗೆ ಅದು 20 ಟನ್ ತಾಮ್ರ. ಮೇಲಿನ ರಬ್ಬರು, ಪಿವಿಸಿ, ಡಬ್ಬದೊಳಗೆ ಅದಕ್ಕೆ ಬೇಕಾಗುವ ಜಾಗ ಎಲ್ಲ ಬೇರೆ. ಅರ್ಧ ಮೀಟರ್ ಕಡಿಮೆ ಮಾಡಿದರೂ ಅವನಿಗೆ ಕಣ್ಣಿಗೆ ಕಾಣುವ ಉಳಿತಾಯ.

ಎರಡನೆಯದು ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಮನೆ ಯಂತ್ರಗಳ ಸುರಕ್ಷತೆಗೆ ಐಇಸಿ 60335 ಅಂತ ಅಂತಾರಾಷ್ಟ್ರೀಯ ಮಾನದಂಡ ಇದೆ. ಎಷ್ಟು ಆಂಪ್ಸ್ ಎಳೆಯುವ ಯಂತ್ರಕ್ಕೆ ಎಷ್ಟು ದಪ್ಪ ವೈರು ಬೇಕು ಅಂತ ಅದರಲ್ಲಿ ಪಟ್ಟಿ ಇದೆ. 6ರಿಂದ 10 ಆಂಪ್ಸ್ ಎಳೆಯುವುದಕ್ಕೆ 1 ಚದರ ಮಿ.ಮೀ. ಬೇಕು. ಆದರೆ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಯಂತ್ರವಾಗಿದ್ದು ವೈರು 2 ಮೀಟರ್ ಒಳಗಿದ್ದರೆ 0.75 ಸಾಕು ಅಂತ ರಿಯಾಯಿತಿ. 10ರಿಂದ 16 ಆಂಪ್ಸ್‌ಗೂ ಹೀಗೆಯೇ, 1.5 ಇರಬೇಕಾದ ಕಡೆ 1 ನಡೆಯುತ್ತದೆ. ಅಂದರೆ 2 ಮೀಟರ್ ದಾಟಿದ ಕೂಡಲೇ ಬರೀ ಉದ್ದ ಅಲ್ಲ, ಇಡೀ ವೈರನ್ನೇ ದಪ್ಪ ಮಾಡಬೇಕು. ಹಾಗಿದ್ದ ಮೇಲೆ ಆ ಗೆರೆ ಯಾರು ದಾಟುತ್ತಾರೆ ಹೇಳಿ.

ಕಟ್ಟೆ_ಮೂಲೆ
ಅಬ್ಬಾ, ಈ 2 ಮೀಟರ್ ಗೆರೆ ವಿಷಯ ಗೊತ್ತೇ ಇರಲಿಲ್ಲ ಸರ್. ಆದರೆ ನನಗೆ ಸಿಕ್ಕಿರುವುದು 2 ಮೀಟರ್ ಅಲ್ಲ, ಅದರ ಅರ್ಧವೂ ಇಲ್ಲ!

ಮೂರು_ಪಿನ್ನು
ಅದಕ್ಕೆ ಸಾಕೆಟ್ ಕಡೆಯಿಂದಲೂ ನೋಡಬೇಕು. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನಲ್ಲಿ ಅಡುಗೆ ಕಟ್ಟೆಯ ಗೋಡೆಯುದ್ದಕ್ಕೂ ಯಾವ ಜಾಗವೂ ಸಾಕೆಟ್‌ನಿಂದ 24 ಇಂಚಿಗಿಂತ ದೂರ ಇರಬಾರದು ಅಂತಿದೆ. ಉಳಿದ ಕೋಣೆಗಳ ಗೋಡೆಗೆ 6 ಅಡಿ. ಈಗ ಜೋಡಿಸಿ ನೋಡಿ: ಕಟ್ಟೆ ಮೇಲಿನ ಯಂತ್ರಕ್ಕೆ ಎರಡು, ಎರಡೂವರೆ ಅಡಿ ವೈರು, ದೀಪಕ್ಕೆ 6 ಅಡಿ ವೈರು. ಮನೆ ಕಟ್ಟುವವರೂ ಯಂತ್ರ ಮಾಡುವವರೂ ಒಂದೇ ಅಳತೆ ಇಟ್ಟುಕೊಂಡರೆ ಗಿಡ್ಡ ವೈರು ಯಾರಿಗೂ ತೊಂದರೆ ಕೊಡುವುದಿಲ್ಲ. ಅದೇ ವೈರು ಕಟ್ಟೆಗೆಲ್ಲ ಸೇರಿ ಒಂದೇ ಸಾಕೆಟ್ ಇರುವ ಮನೆಗೆ ಬಂದರೆ ನಿಮ್ಮ ಗತಿ.

ಕಟ್ಟೆ_ಮೂಲೆ
ಒಂದೇ ಸಾಕೆಟ್, ಅದೂ ಫ್ರಿಜ್ ಬೆನ್ನ ಹಿಂದೆ. ಕಟ್ಟಿದವರಿಗೆ ದೊಡ್ಡ ನಮಸ್ಕಾರ.

ಟೇಪ್_ಹಿಡಿದವಳು
ನನ್ನ ಜಗಳ ಬೇರೆ. ವೈರು ಗಿಡ್ಡ ಇರಲಿ, ಉದ್ದ ಇರಲಿ, ಡಬ್ಬದ ಮೇಲೆ ಬರೆಯುವುದಕ್ಕೆ ಏನು ಕಷ್ಟ? ವಾಟ್ ಬರೆಯುತ್ತಾರೆ, ತೂಕ ಬರೆಯುತ್ತಾರೆ, ಅಗಲ ಎತ್ತರ ಎಲ್ಲ ಬರೆಯುತ್ತಾರೆ, ವೈರಿನ ಉದ್ದ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಪಾಪ "ವೈರು ಎಷ್ಟು ಉದ್ದ ಇದೆ?" ಅಂತ ಕೇಳಿರುತ್ತಾರೆ, ಕೆಳಗೆ ಇನ್ಯಾರೋ "ಸಾಕಷ್ಟು ಉದ್ದ ಇದೆ" ಅಂತ ಉತ್ತರ ಕೊಟ್ಟಿರುತ್ತಾರೆ. ಯಾರಿಗೆ ಸಾಕು ಮಾರಾಯ್ರೇ?

ಇನ್ನೂ ಒಂದು. ಬರೆದರೂ ಪೂರ್ತಿ ಸುಳಿವು ಸಿಗುವುದಿಲ್ಲ, ಯಾಕೆಂದರೆ ವೈರು ಎಲ್ಲಿಂದ ಹೊರಗೆ ಬರುತ್ತದೆ ಅನ್ನುವುದು ಅಷ್ಟೇ ಮುಖ್ಯ. ವಾಷಿಂಗ್ ಮಷೀನ್ ನೋಡಿ. ಹಿಂದುಗಡೆ ಒಂದು ಮೂಲೆಯಿಂದ ವೈರು ಬರುತ್ತದೆ. ನಿಮ್ಮ ಸಾಕೆಟ್ ಇನ್ನೊಂದು ಪಕ್ಕಕ್ಕಿದ್ದರೆ ಯಂತ್ರದ ಅಗಲ ದಾಟುವುದಕ್ಕೇ 60 ಸೆಂ.ಮೀ. ಖರ್ಚು. ಫ್ರಿಜ್‌ನಲ್ಲಿ ವೈರು ಕೆಳಗೆ ಕಂಪ್ರೆಸರ್ ಹತ್ತಿರದಿಂದ ಹೊರಡುತ್ತದೆ, ಸಾಕೆಟ್ ಎದೆ ಎತ್ತರದಲ್ಲಿದ್ದರೆ ಮೇಲೆ ಹತ್ತುವುದಕ್ಕೇ ಒಂದು ಮೀಟರಿಗಿಂತ ಜಾಸ್ತಿ ಹೋಯಿತು. ಒಂದೂವರೆ ಮೀಟರ್ ವೈರಿನಲ್ಲಿ ಪಕ್ಕಕ್ಕೆ ಉಳಿದದ್ದು ಎಷ್ಟು? ಮಿಕ್ಸಿ ಬಲಗಡೆಯಿಂದ ವೈರು ಬಿಡುತ್ತದೆ, ಸಾಕೆಟ್ ಎಡಗಡೆ ಇದೆ ಅಂದರೆ ಯಂತ್ರವನ್ನೇ ತಿರುಗಿಸಿ, ಸ್ವಿಚ್ ಗೋಡೆ ಕಡೆ ಮಾಡಿಕೊಂಡು, ತಡವಿ ತಡವಿ ಹಾಕುವವರನ್ನೂ ನೋಡಿದ್ದೇನೆ.

ಚಕ್ರದ_ಕುರ್ಚಿ
ಇದನ್ನು ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ನನಗೆ ಬಗ್ಗಿ ನೆಲದ ಹತ್ತಿರದ ಸಾಕೆಟ್ ಮುಟ್ಟುವುದಕ್ಕೆ ಆಗುವುದಿಲ್ಲ, ಕಟ್ಟೆಯ ಆಚೆ ಗೋಡೆಯ ಸಾಕೆಟ್‌ಗೂ ಕೈ ಎಟುಕುವುದಿಲ್ಲ. ವೈರು ಗಿಡ್ಡ ಇದ್ದರೆ ಪ್ಲಗ್ ಗೋಡೆ ಹತ್ತಿರವೇ ಉಳಿಯುತ್ತದೆ, ಯಂತ್ರವೂ ಒಳಗಡೆಗೆ ಹೋಗುತ್ತದೆ. ಬಿಸಿ ನೀರಿನ ಪಾತ್ರೆಗೆ ಕೈ ಚಾಚಿ ಎತ್ತಬೇಕು ಅಂದರೆ ಅದೇ ಅಪಾಯ. ಮಗುವಿಗೆ ಸುರಕ್ಷಿತ ಅಂತ ಮಾಡಿದ್ದು ಎಲ್ಲರಿಗೂ ಸುರಕ್ಷಿತ ಅಲ್ಲ. ನಾನು ಕಟ್ಟೆಯ ಮುಂಭಾಗದ ಅಂಚಿನ ಕೆಳಗೆ ಒಂದು ಸ್ವಿಚ್ ಹಾಕಿಸಿಕೊಂಡಿದ್ದೇನೆ, ಅದು ಗೋಡೆಯ ಸಾಕೆಟ್ ಅನ್ನು ಆನ್ ಆಫ್ ಮಾಡುತ್ತದೆ. ಪ್ಲಗ್ ಅಲ್ಲೇ ಇರುತ್ತದೆ, ತೆಗೆಯುವ ತಲೆನೋವು ಇಲ್ಲ. ವೈರು ಉದ್ದ ಆಗಲಿಲ್ಲ, ಆದರೆ ಕೆಲಸ ಸುಲಭ ಆಯಿತು.

ಮೂರು_ಪಿನ್ನು
ಒಳ್ಳೆಯ ಉಪಾಯ. ಮನೆಯಲ್ಲಿ ಮಕ್ಕಳಿದ್ದರೆ ಆ ಸ್ವಿಚ್ ಅವರ ಕೈಗೂ ಸಿಗುತ್ತದೆ, ಅದೊಂದು ನೋಡಿಕೊಳ್ಳಬೇಕು ಅಷ್ಟೇ.

ಗಡಿಬಿಡಿ
ಏನ್ರೀ ಇಷ್ಟೊಂದು ಚರ್ಚೆ, ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ತಂದು ಹಾಕಿ, ಮುಗೀತು. ನಮ್ಮಲ್ಲಿ ಕೆಟಲ್, ಇಂಡಕ್ಷನ್ ಒಲೆ, ಮಿಕ್ಸಿ ಎಲ್ಲ ಒಂದೇ ಬಾಕ್ಸ್ ಮೇಲೆ ನಡೆಯುತ್ತಿವೆ. ಅದೂ ಸಾಲದೆ ಇನ್ನೊಂದು ಬಾಕ್ಸ್ ಅದಕ್ಕೇ ಚುಚ್ಚಿದ್ದೇವೆ. ಇಲ್ಲಿವರೆಗೆ ಏನೂ ಆಗಿಲ್ಲ.

ಹಳೇ_ರಿಪೇರಿ
ಗಡಿಬಿಡಿ ಅವರೇ, ಹೆಸರಿಗೆ ತಕ್ಕ ಹಾಗೇ ಇದ್ದೀರಿ. ಸ್ವಲ್ಪ ಕೂತು ಓದಿ.

230 ವೋಲ್ಟ್ ಇರುವ ಕಡೆ 2000 ವಾಟ್ ಕೆಟಲ್ 8.7 ಆಂಪ್ಸ್ ಎಳೆಯುತ್ತದೆ. ಇಂಡಕ್ಷನ್ ಒಲೆಯೂ ಪೂರ್ತಿ ಇಟ್ಟರೆ ಹತ್ತಿರ ಹತ್ತಿರ ಅಷ್ಟೇ. ಎರಡೂ ಸೇರಿದರೆ 17 ಆಂಪ್ಸ್ ಮೇಲೆ. ಸಾಧಾರಣ ಬಾಕ್ಸ್‌ನ ಹಿಂದೆ 6 ಆಂಪ್ಸ್ ಅಥವಾ 10 ಆಂಪ್ಸ್ ಅಂತ ಬರೆದಿರುತ್ತದೆ. ಅದು ಒಂದೊಂದು ತೂತಿಗೆ ಅಲ್ಲ, ಇಡೀ ಬಾಕ್ಸ್‌ಗೆ.

ಈಗ ಬಾಕ್ಸ್‌ನ ವೈರು. 0.75 ದಪ್ಪದ ತಾಮ್ರದ ವೈರು ಕರೆಂಟಿಗೆ ಒಡ್ಡುವ ತಡೆ ಮೀಟರಿಗೆ 0.026 ಓಮ್. 5 ಮೀಟರ್ ಬಾಕ್ಸ್ ಅಂದರೆ ಹೋಗುವುದು ಬರುವುದು ಸೇರಿ 10 ಮೀಟರ್, 0.26 ಓಮ್. ಕೆಟಲ್ ಒಂದನ್ನೇ ಹಾಕಿದರೂ ವೈರಿನೊಳಗೇ ಸುಮಾರು 20 ವಾಟ್ ಬಿಸಿ. ಹರಡಿ ಬಿಟ್ಟಿದ್ದರೆ ಗಾಳಿಗೆ ಆರಿಹೋಗುತ್ತದೆ. ಅದನ್ನೇ ಚೆಂದ ಕಾಣಲಿ ಅಂತ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನ ಹಿಂದೆ ತುರುಕಿದರೆ? ಬಿಸಿ ಹೊರಗೆ ಹೋಗುವುದಕ್ಕೆ ದಾರಿ ಇಲ್ಲ. ಸಾಧಾರಣ ಪಿವಿಸಿ ಹೊದಿಕೆ ಸುಮಾರು 70 ಡಿಗ್ರಿ ತನಕ ತಡೆಯುತ್ತದೆ, ಆಮೇಲೆ ಮೆತ್ತಗಾಗುತ್ತದೆ. ದೊಡ್ಡ ರೀಲ್‌ಗಳ ಮೇಲೆ ಸುತ್ತಿದಾಗ ಇಷ್ಟು ವಾಟ್, ಪೂರ್ತಿ ಬಿಚ್ಚಿದಾಗ ಇಷ್ಟು ವಾಟ್ ಅಂತ ಎರಡು ಅಂಕಿ ಬರೆದಿರುತ್ತಾರಲ್ಲ, ಅದು ಇದಕ್ಕೇ.

ಬಾಕ್ಸ್‌ಗೆ ಬಾಕ್ಸ್ ಚುಚ್ಚುವುದು ಇನ್ನೂ ಕೆಟ್ಟದ್ದು. ಎರಡನೇ ಬಾಕ್ಸ್‌ನ ಭಾರ ಎಲ್ಲ ಮೊದಲನೇದರ ಒಂದು ತೂತಿನ ಹಿತ್ತಾಳೆ ಪಟ್ಟಿಯ ಮೇಲೆ ಬರುತ್ತದೆ. ನಾನು ನೋಡಿದ ಸುಟ್ಟ ಬಾಕ್ಸ್‌ಗಳಲ್ಲಿ ವೈರಿನ ನಡುವೆ ಸುಟ್ಟದ್ದು ಅಪರೂಪ. ಸಡಿಲ ಆದ ಪಿನ್ನಿನ ಹತ್ತಿರವೇ ಸುಡುವುದು.

ಗಡಿಬಿಡಿ
ಸ್ವಲ್ಪ ಬೆಚ್ಚಗೆ ಆಗುತ್ತದೆ ಅಷ್ಟೇ ಸರ್. ಅದು ಮಾಮೂಲು ಅಲ್ವಾ?

ಹಳೇ_ರಿಪೇರಿ
ಅಲ್ಲ. ಕೆಟಲ್ ಬಿಸಿಯಾಗಬೇಕು, ಪ್ಲಗ್ ಅಲ್ಲ. ಪ್ಲಗ್ಗಿನ ಮೈ ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತದೆ, ಪಿನ್ನಿನ ಸುತ್ತ ಕಂದು ಬಣ್ಣ ಬಂದಿದೆ, ಅಥವಾ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದೆ ಅಂದರೆ ಆ ಬಾಕ್ಸ್ ಇವತ್ತೇ ತೆಗೆಯಿರಿ. ನಾಳೆ ಅನ್ನಬೇಡಿ.

ಬೆನ್ನುನೋವು
ಗಡಿಬಿಡಿ ಅವರು ಒಬ್ಬರೇ ಅಲ್ಲ ಬಿಡಿ, ಅರ್ಧ ಲೋಕ ಹಾಗೇ ಇದೆ. ಗಿಡ್ಡ ವೈರು ಕೊಟ್ಟು, ಪುಸ್ತಕದಲ್ಲಿ "ಎಕ್ಸ್‌ಟೆನ್ಶನ್ ಬಳಸಬೇಡಿ" ಅಂತ ಬರೆದು ಕೈ ತೊಳೆದುಕೊಂಡರೆ ಜನ ಇನ್ನೇನು ಮಾಡುತ್ತಾರೆ? ಸುರಕ್ಷತೆಗೆ ಅಂತ ಉಳಿಸಿದ ಅರ್ಧ ಮೀಟರ್, ಕೊನೆಗೆ 5 ಮೀಟರ್ ತೆಳು ವೈರಾಗಿ ನೆಲದ ಮೇಲೆ ಬಿದ್ದಿರುತ್ತದೆ. ಎಡವುವುದು ತಪ್ಪಲಿ ಅಂತ ತಾನೇ ಹೇಳಿದ್ದು?

ಮೂರು_ಪಿನ್ನು
ಈ ಮಾತು ನಾನೂ ಒಪ್ಪುತ್ತೇನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸುಮ್ನೆ_ಓದುವವ
ಮೊದಲ ಸಲ ಬರೆಯುತ್ತಿದ್ದೇನೆ. ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ವೈರನ್ನು ನಡುವೆ ಕತ್ತರಿಸಿ ಇನ್ನೊಂದು ತುಂಡು ಸೇರಿಸಿ ಇನ್ಸುಲೇಶನ್ ಟೇಪ್ ಸುತ್ತಿದರೆ ಆಗುತ್ತದಾ?

ಹಳೇ_ರಿಪೇರಿ
ಬೇಡಪ್ಪಾ. ತಿರುಚಿ ಟೇಪ್ ಸುತ್ತಿದ ಗಂಟು ಎಳೆದಾಡಿದ ಹಾಗೆ ಸಡಿಲ ಆಗುತ್ತದೆ, ಬಿಸಿಗೆ ಟೇಪಿನ ಗೋಂದು ಜಾರುತ್ತದೆ. ಅರ್ತಿಂಗ್ ಎಳೆ ಒಳಗೇ ಕಳಚಿದ್ದರೂ ಯಂತ್ರ ಓಡುತ್ತಲೇ ಇರುತ್ತದೆ, ಗೊತ್ತೇ ಆಗುವುದಿಲ್ಲ. ಒಂದು ದಿನ ಮೈಗೆ ಕರೆಂಟ್ ಬಂದಾಗಲೇ ಗೊತ್ತಾಗುವುದು.

ಉದ್ದ ಬೇಕೇ ಬೇಕು ಅಂದರೆ ಯಂತ್ರದ ಒಳಗಿನಿಂದ ಪ್ಲಗ್ ತನಕ ಒಂದೇ ತುಂಡು, ದಪ್ಪ ಕಡಿಮೆ ಇಲ್ಲದ ವೈರು ಹಾಕಿಸಬೇಕು. ಅದಕ್ಕೂ ಮೊದಲು ಪುಸ್ತಕ ನೋಡಿ. ವೈರು ಹಾಳಾದರೆ ತಯಾರಕರು, ಅವರ ಸರ್ವಿಸ್‌ನವರು ಅಥವಾ ಅಂಥದ್ದೇ ಅರ್ಹತೆ ಇರುವವರೇ ಬದಲಿಸಬೇಕು ಅಂತ ಬರೆದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಕೆಲವು ಸಣ್ಣ ಯಂತ್ರಗಳಲ್ಲಿ ವೈರು ಬದಲಿಸುವ ಹಾಗೇ ಇಲ್ಲ, ಬಿಚ್ಚಿದರೆ ಮೈಯೇ ಒಡೆಯುತ್ತದೆ. ವಾರಂಟಿ ಇದ್ದರೆ ಅದನ್ನೂ ಯೋಚಿಸಿ.

ಆದರೆ ಒಂದು ಸುಲಭದ ದಾರಿ ಇದೆ. ನಿಮ್ಮ ಯಂತ್ರದ ವೈರು ಎರಡೂ ಕಡೆ ಕಳಚಿ ಬರುತ್ತದಾ ನೋಡಿ. ಕಂಪ್ಯೂಟರ್, ಮಾನಿಟರ್‌ಗಳಲ್ಲಿ ಬರುವ ಮೂರು ತೂತಿನ ತುದಿ ಇದೆಯಲ್ಲ, ಇಂಥ ಕಳಚುವ ತುದಿಗಳ ಮಾನದಂಡ ಐಇಸಿ 60320ರಲ್ಲಿ ಅದರ ಹೆಸರು ಸಿ13, 10 ಆಂಪ್ಸ್. ರೇಡಿಯೋಗಳಲ್ಲಿ ಬರುವ ಇಂಗ್ಲಿಷ್ ಎಂಟರ ಆಕಾರದ್ದು ಸಿ7, 2.5 ಆಂಪ್ಸ್. ಇವು ಎಲ್ಲ ಕಂಪನಿಗೂ ಒಂದೇ ಅಳತೆ, 2 ಮೀಟರ್, 3 ಮೀಟರ್ ಉದ್ದದವೂ ಸಿಗುತ್ತವೆ. ಹಳೇದು ತೆಗೆದು ಹೊಸದು ಚುಚ್ಚಿದರೆ ಆಯಿತು, ಯಾವ ಸ್ಕ್ರೂ ಬಿಚ್ಚುವುದೂ ಬೇಡ.

ಮೂರು_ಪಿನ್ನು
ಇದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಿಸಿಯಾಗುವ ಯಂತ್ರಗಳಲ್ಲಿ ಸಿ13 ಥರವೇ ಕಾಣುವ, ಆದರೆ ಒಂದು ಕಚ್ಚು ಇರುವ ತುದಿ ಬರುತ್ತದೆ. ಅದು ಸಿ15, 120 ಡಿಗ್ರಿ ತನಕ ತಡೆಯುತ್ತದೆ. ಸಿ13 ಬರೀ 70 ಡಿಗ್ರಿ. ಕಂಪ್ಯೂಟರ್ ವೈರು ಬಿಸಿ ಯಂತ್ರಕ್ಕೆ ಕೂರಬಾರದು ಅಂತಲೇ ಆ ಕಚ್ಚು. ಚಾಕುವಿನಿಂದ ಕೆತ್ತಿ ಕೂರಿಸುವವರು ಇದ್ದಾರೆ, ದಯವಿಟ್ಟು ಅಂಥ ಕೆಲಸ ಮಾಡಬೇಡಿ.

ಮತ್ತೆ ತುಂಬ ಉದ್ದ, ತುಂಬ ತೆಳು ವೈರಿಗೆ ಇನ್ನೊಂದು ತೊಂದರೆ. 0.75 ದಪ್ಪದ್ದು 25 ಮೀಟರ್ ಎಳೆದರೆ ಹೋಗಿ ಬರುವ ದಾರಿ 1.3 ಓಮ್. ಆ ತುದಿಯಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟ್ 177 ಆಂಪ್ಸ್ ಮೀರುವುದಿಲ್ಲ, ಮನೆಯ ಒಳಗಿನ ವೈರಿಂಗ್ ಸೇರಿದರೆ ಇನ್ನೂ ಕಡಿಮೆ. 16 ಆಂಪ್ಸ್ ಸಿ ಮಾದರಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಬೋರ್ಡಿನ ಸ್ವಿಚ್) ತಟ್ಟನೆ ಬೀಳುವುದಕ್ಕೆ 80ರಿಂದ 160 ಆಂಪ್ಸ್ ಬೇಕು. ಬಿದ್ದರೂ ಬೀಳಬಹುದು, ಬೀಳದೆ ವೈರು ಬಿಸಿಯಾಗುತ್ತಲೂ ಇರಬಹುದು.

ಸುಮ್ನೆ_ಓದುವವ
ಅರ್ಧ ಅರ್ಥ ಆಯಿತು, ಆದರೆ ಭಯ ಪೂರ್ತಿ ಆಯಿತು. ಟೇಪ್ ಸುತ್ತುವ ಆಸೆ ಬಿಟ್ಟೆ.

ಉದ್ದ_ಜಡೆ
ನಾನು ಉಲ್ಟಾ ಪಕ್ಷ. ಉದ್ದ ವೈರು ಕೊಟ್ಟರೆ ಅದರ ಕಾಟ ನೋಡಿದ್ದೀರಾ? ಟಿವಿ ಹಿಂದೆ ಹಾವಿನ ಹುತ್ತದ ಹಾಗೆ ಆಗಿರುತ್ತದೆ, ಧೂಳು ಒರೆಸುವುದಕ್ಕೂ ಆಗುವುದಿಲ್ಲ. ಕೂದಲು ಒಣಗಿಸುವ ಯಂತ್ರಕ್ಕೆ ಮಾತ್ರ ಉದ್ದ ಇರಲಿ, ಕನ್ನಡಿ ಒಂದು ಕಡೆ ಸಾಕೆಟ್ ಒಂದು ಕಡೆ ಇರುತ್ತದೆ. ಅದರ ವೈರನ್ನು ಹಿಡಿಕೆಗೆ ಬಿಗಿಯಾಗಿ ಸುತ್ತಿ ಇಡಬೇಡಿ, ಬುಡದಲ್ಲಿ ಒಳಗಿನ ಎಳೆಗಳು ಮುರಿಯುತ್ತವೆ.

ಟೇಪ್_ಹಿಡಿದವಳು
ಉದ್ದ ಕೊಡಲಿ, ಬೇಡದ್ದು ಒಳಗೆ ಇಡುವುದಕ್ಕೆ ಜಾಗವನ್ನೂ ಕೊಡಲಿ! ಕೆಲವು ಕೆಟಲ್‌ಗಳ ಪೀಠದ ಕೆಳಗೆ ವೈರು ಸುತ್ತುವ ತೋಡು ಇರುತ್ತದೆ, ಬೇಕಾದಷ್ಟೇ ಹೊರಗೆ ಬಿಡಬಹುದು. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಸ್ಪ್ರಿಂಗ್ ಮೇಲೆ ಎಳೆದುಕೊಳ್ಳುವ ವ್ಯವಸ್ಥೆ ಇದೆ. ಅದರ ವೈರಿನ ಮೇಲೆ ಹಳದಿ ಗುರುತು ಬಂದರೆ ಇನ್ನೇನು ಮುಗಿಯಿತು ಅಂತ, ಕೆಂಪು ಬಂದರೆ ಮುಂದೆ ಎಳೆಯಬೇಡಿ ಅಂತ. ಎಷ್ಟು ಜನಕ್ಕೆ ಗೊತ್ತು? ಇಷ್ಟು ಬುದ್ಧಿ ಇರುವವರಿಗೆ ಮಿಕ್ಸಿ ಕೆಳಗೆ ಒಂದು ತೋಡು ಮಾಡುವುದಕ್ಕೆ ಆಗುವುದಿಲ್ಲವಾ?

ಮೂರು_ಪಿನ್ನು
ಇನ್ನೊಂದು ದಾರಿ ಅಯಸ್ಕಾಂತದ ಪ್ಲಗ್. ಜಪಾನಿನ ಬಿಸಿ ನೀರಿನ ಪಾಟ್‌ಗಳಲ್ಲಿ ಬಹಳ ಹಿಂದಿನಿಂದ ಇದೆ. ವೈರು ಕಾಲಿಗೆ ಸಿಕ್ಕಿದರೆ ಪಾಟ್ ಬೀಳುವುದಿಲ್ಲ, ವೈರು ಕಳಚಿಕೊಳ್ಳುತ್ತದೆ. ಆಪಲ್ 2006ರಲ್ಲಿ ಮ್ಯಾಗ್‌ಸೇಫ್ ಅಂತ ಲ್ಯಾಪ್‌ಟಾಪ್‌ಗೆ ತಂದದ್ದೂ ಇದೇ ಉಪಾಯ. ಎಳೆದರೆ ಕಳಚುವ ಹಾಗಿದ್ದರೆ ಗಿಡ್ಡ ಮಾಡಲೇಬೇಕು ಅನ್ನುವ ವಾದ ಅರ್ಧ ಬಿದ್ದುಹೋಗುತ್ತದೆ.

ಕಟ್ಟೆ_ಮೂಲೆ
ಎಲ್ಲರಿಗೂ ಥ್ಯಾಂಕ್ಸ್. ಓದಿ ಓದಿ ಒಂದು ನಿರ್ಧಾರಕ್ಕೆ ಬಂದೆ, ವೈರಿನ ಜೊತೆ ಗುದ್ದಾಡುವುದಕ್ಕಿಂತ ಕಟ್ಟೆ ಮೇಲೆ ಹೊಸ ಸಾಕೆಟ್ ಹಾಕಿಸುತ್ತೇನೆ. ಎಲೆಕ್ಟ್ರಿಷಿಯನ್‌ಗೆ ಏನೇನು ಹೇಳಬೇಕು ಸರ್?

ಹಳೇ_ರಿಪೇರಿ
ಒಲೆಯ ನೇರ ಮೇಲೆ ಬೇಡ, ಸಿಂಕಿನ ಪಕ್ಕಕ್ಕೆ ತೀರ ಹತ್ತಿರ ಬೇಡ. ಬಿಸಿ ಮಾಡುವ ಯಂತ್ರಕ್ಕೆ ದೊಡ್ಡ ಸಾಕೆಟ್, ಅದಕ್ಕೆ ತಕ್ಕ ವೈರು ನೇರ ಬೋರ್ಡಿನಿಂದ ಬರಲಿ, ಇರುವ ಸಾಕೆಟ್‌ನಿಂದಲೇ ತುಂಡು ಎಳೆದು ಕೊಟ್ಟರೆ ಒಪ್ಪಬೇಡಿ. ಸೋರಿಕೆ ಕರೆಂಟ್ ಹಿಡಿಯುವ ಆರ್‌ಸಿಸಿಬಿ ಇದೆಯಾ ಕೇಳಿ, 30 ಮಿಲಿ ಆಂಪ್ಸ್‌ನದ್ದು. ಫ್ರಿಜ್ ಹಿಂದಿನದನ್ನು ಪಕ್ಕಕ್ಕೆ ತರಿಸಿ, ತುರ್ತು ಬಂದಾಗ ಫ್ರಿಜ್ ಎಳೆದಾಡುತ್ತಾ ಕೂರುವುದಕ್ಕೆ ಆಗುವುದಿಲ್ಲ.

ಟೇಪ್_ಹಿಡಿದವಳು
ಹಾಕಿಸುವ ಮೊದಲು ಯಂತ್ರಗಳನ್ನು ಕಟ್ಟೆ ಮೇಲೆ ಬೇಕಾದ ಕಡೆ ಇಟ್ಟು, ವೈರು ಹೊರಡುವ ಜಾಗದಿಂದ ಒಂದು ಹಗ್ಗ ಹಿಡಿದು ಅಳೆಯಿರಿ. ನೇರ ಅಲ್ಲ, ವೈರು ಹೋಗುವ ದಾರಿಯಲ್ಲೇ, ಮೂಲೆ ತಿರುಗಿ. ಸ್ವಲ್ಪ ಸಡಿಲ ಉಳಿಯಬೇಕು, ಬಿಗಿ ಇದ್ದರೆ ಪ್ಲಗ್ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತದೆ.

ಗಡಿಬಿಡಿ
ಎರಡನೇ ಬಾಕ್ಸ್ ಕಿತ್ತು ಬಿಸಾಕಿದೆ, ಸಮಾಧಾನ ಆಯಿತಾ? ಉಳಿದಿರುವ ಬಾಕ್ಸ್ ಹಿಂದೆ 6 ಆಂಪ್ಸ್, 240 ವೋಲ್ಟ್ ಅಂತ ಇದೆ. ಇದರಲ್ಲಿ ಏನು ಹಾಕಬಹುದು?

ಹಳೇ_ರಿಪೇರಿ
6ನ್ನು 230ರಿಂದ ಗುಣಿಸಿ, 1380 ವಾಟ್. ಪೂರ್ತಿ ಅಂಚಿಗೆ ಹೋಗದೆ 1000 ಅಂತ ಇಟ್ಟುಕೊಳ್ಳಿ. ಟಿವಿ, ಫೋನ್ ಚಾರ್ಜರ್, ದೀಪ, ಫ್ಯಾನು ಎಲ್ಲ ಸೇರಿದರೂ ತೊಂದರೆ ಇಲ್ಲ. ಮಿಕ್ಸಿ ಒಂದೇ ಆದರೆ ಆಗಬಹುದು, ಅದರ ವಾಟ್ ನೋಡಿಕೊಳ್ಳಿ. ಕೆಟಲ್, ಇಂಡಕ್ಷನ್, ಹೀಟರ್ ಯಾವುದೂ ಬೇಡ. ಬಾಕ್ಸ್‌ನ ವೈರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ದಪ್ಪ ಎಷ್ಟು ಅಂತ ಅಚ್ಚು ಇರುತ್ತದೆ, ಟಾರ್ಚ್ ಹಿಡಿದು ಓದಿ. 0.5 ಅಂತ ಇದ್ದರೆ, ಅಥವಾ ಏನೂ ಬರೆದೇ ಇಲ್ಲದಿದ್ದರೆ, ಅದನ್ನೂ ಎರಡನೇದರ ಜೊತೆಗೇ ಕಳಿಸಿಬಿಡಿ.